ಬಾಟಲಿ ನೀರಿನ ಪ್ಲಾಸ್ಟಿಕ್ ಕಣ: ಹೆದರಬೇಕಾದ್ದು ಯಾವುದಕ್ಕೆ?

ಒಂದು ಲೀಟರ್ ಬಾಟಲಿ ನೀರಿನಲ್ಲಿ ಸರಾಸರಿ 2.4 ಲಕ್ಷ ಪ್ಲಾಸ್ಟಿಕ್ ಕಣ. 2024ರ ಜನವರಿಯಲ್ಲಿ ಬಂದ ಈ ಅಂಕಿ ಇವತ್ತಿಗೂ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಪಕ್ಕದಲ್ಲೊಂದು ತಲೆಬುರುಡೆ ಚಿತ್ರ, ಕೆಳಗೆ 'ಎಲ್ಲರಿಗೂ ಕಳಿಸಿ' ಅನ್ನುವ ಸಾಲು. ಅಂಕಿಯೇನೂ ಸುಳ್ಳಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಅಮೆರಿಕದಲ್ಲಿ ಮಾರುವ ಮೂರು ಬ್ರ್ಯಾಂಡ್‌ಗಳ ನೀರನ್ನು ಲೇಸರ್ ಸೂಕ್ಷ್ಮದರ್ಶಕದಲ್ಲಿ ನೋಡಿ ಹಾಕಿದ ಲೆಕ್ಕ ಅದು. ಆದರೆ ಬರೀ ಅಂಕಿ ನೋಡಿ ಗಾಬರಿಬಿದ್ದರೆ ನಿಜವಾಗಿ ಗಮನ ಕೊಡಬೇಕಾದ ಜಾಗ ಕೈತಪ್ಪುತ್ತದೆ. ಸೀಲ್ ಮಾಡಿದ ತಣ್ಣನೆಯ ಬಾಟಲಿಗಿಂತ ಬಿಸಿ ಟೀ ತುಂಬಿದ ಕವರು, ಪೇಪರ್ ಕಪ್ಪು, ಬಿಸಿಲಲ್ಲಿ ಓಡಾಡಿ ಸವೆದ ಕ್ಯಾನು ನನಗೆ ಜಾಸ್ತಿ ಚಿಂತೆ ಹುಟ್ಟಿಸುತ್ತವೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಆ ಅಂಕಿಯನ್ನೇ ನೋಡೋಣ. ನ್ಯೂಯಾರ್ಕ್ ರಾಜ್ಯದ್ದೇ ಇನ್ನೊಂದು ವಿಶ್ವವಿದ್ಯಾಲಯ ಫ್ರೆಡೋನಿಯಾ ಎಂಬ ಊರಿನಲ್ಲಿದೆ. ಅಲ್ಲಿನವರು 2018ರಲ್ಲಿ ಭಾರತವೂ ಸೇರಿ ಒಂಬತ್ತು ದೇಶಗಳಿಂದ 259 ಬಾಟಲಿ ತರಿಸಿ ಪರೀಕ್ಷೆ ಮಾಡಿದ್ದರು. ನೂರಕ್ಕೆ 93 ಬಾಟಲಿಗಳಲ್ಲಿ ಕಣ ಸಿಕ್ಕಿತು. ಲೀಟರಿಗೆ ಸರಾಸರಿ 325. ಹಾಗಾದರೆ ಆರೇ ವರ್ಷದಲ್ಲಿ 325 ಇದ್ದದ್ದು 2.4 ಲಕ್ಷ ಆಯಿತೇ? ಇಲ್ಲ. ಬಲೆಯ ಕಣ್ಣು ಸಣ್ಣದಾದಷ್ಟೂ ಮೀನು ಜಾಸ್ತಿ ಸಿಗುತ್ತದೆ, ಅಷ್ಟೇ. 2018ರ ಪರೀಕ್ಷೆಯಲ್ಲಿ ಸುಮಾರು 6.5 ಮೈಕ್ರಾನ್‌ಗಿಂತ ಚಿಕ್ಕದು ಲೆಕ್ಕಕ್ಕೇ ಬಂದಿರಲಿಲ್ಲ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಕೊಲಂಬಿಯಾದವರಿಗೆ ಕಂಡ ಕಣಗಳಲ್ಲಿ ನೂರಕ್ಕೆ ತೊಂಬತ್ತು ಒಂದು ಮೈಕ್ರಾನ್‌ಗಿಂತಲೂ ಚಿಕ್ಕವು. ನಮ್ಮ ತಲೆಗೂದಲಿನ ದಪ್ಪವೇ ಅಂದಾಜು 70-80 ಮೈಕ್ರಾನ್. ಐದು ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರಿಗೆಲ್ಲ ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. ಒಂದು ಮೈಕ್ರಾನ್‌ಗಿಂತ ಕೆಳಗಿಳಿದರೆ ಅದು ನ್ಯಾನೋಪ್ಲಾಸ್ಟಿಕ್.

ಹಾಗಾಗಿ ಎರಡು ಅಧ್ಯಯನಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು 'ನೋಡಿ, ಎಷ್ಟು ಏರಿದೆ' ಎನ್ನುವ ಲೇಖನ ಕಂಡರೆ ಅಲ್ಲಿಗೇ ಬಿಟ್ಟುಬಿಡಿ. ಎಣಿಕೆಯ ಜೊತೆ ತೂಕವನ್ನೂ ಕೇಳಬೇಕು. ಕೊಲಂಬಿಯಾದ 2.4 ಲಕ್ಷ ಕಣಗಳನ್ನು ಒಟ್ಟುಮಾಡಿ ತಕ್ಕಡಿಗೆ ಹಾಕಿದರೆ ಒಂದು ಮಿಲಿಗ್ರಾಂನ ಹತ್ತಿರಕ್ಕೂ ಬರುವುದಿಲ್ಲ. 'ನಾವು ವಾರಕ್ಕೊಂದು ಎಟಿಎಂ ಕಾರ್ಡಿನಷ್ಟು ಪ್ಲಾಸ್ಟಿಕ್ ತಿನ್ನುತ್ತೇವೆ' ಎನ್ನುವ ಮಾತು ಕೇಳಿರುತ್ತೀರಿ. 2019ರಲ್ಲಿ ಒಂದು ಪರಿಸರ ಸಂಸ್ಥೆಗಾಗಿ ಆಸ್ಟ್ರೇಲಿಯಾದಲ್ಲಿ ಹಾಕಿದ ಲೆಕ್ಕ ಅದು, ವಾರಕ್ಕೆ 5 ಗ್ರಾಂವರೆಗೆ. ಎರಡು ವರ್ಷದ ನಂತರ ನೆದರ್ಲೆಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದಾಗ ಅದು ದೊಡ್ಡವರಿಗೆ ವಾರಕ್ಕೆ ಸುಮಾರು 4 ಮೈಕ್ರೋಗ್ರಾಂಗೆ ಬಂದು ನಿಂತಿತು. ಅಂದರೆ ಹತ್ತು ಲಕ್ಷದ ಒಂದು ಪಾಲು! ಕಾರ್ಡಿನ ಕಥೆ ಮಾತ್ರ ಇನ್ನೂ ಭಾಷಣಗಳಲ್ಲಿ ಜೀವಂತವಾಗಿದೆ.

ತೂಕ ಕಡಿಮೆ ಎಂದ ಮಾತ್ರಕ್ಕೆ ನಿಶ್ಚಿಂತೆ ಎಂದಲ್ಲ. ದೊಡ್ಡ ಚೂರು ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. 150 ಮೈಕ್ರಾನ್‌ಗಿಂತ ದೊಡ್ಡದನ್ನು ದೇಹ ಹೀರಿಕೊಳ್ಳುವ ಸಾಧ್ಯತೆ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಕರುಳಿನ ಗೋಡೆ ದಾಟಿ ರಕ್ತ ಸೇರಬಲ್ಲವು ತೀರಾ ಸಣ್ಣವು. ಈಗ ಲಕ್ಷದ ಲೆಕ್ಕದಲ್ಲಿ ಸಿಗುತ್ತಿರುವವೂ ಅವೇ.

ಮುಚ್ಚಳದಿಂದ ಶುರು

ಈ ಕಣ ನೀರಿಗೆ ಬರುವುದು ಎಲ್ಲಿಂದ? ಬಾಟಲಿಯ ಮೈಯಿಂದ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಅದು ಅರ್ಧ ಸತ್ಯ. ಫ್ರೆಡೋನಿಯಾ ಅಧ್ಯಯನದಲ್ಲಿ ಗುರುತು ಹಿಡಿದ ದೊಡ್ಡ ಕಣಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲಿಪ್ರೊಪಿಲೀನ್. ಬಾಟಲಿ ಮಾಡುವುದು ಪೆಟ್ ಎಂಬ ಇನ್ನೊಂದು ಪ್ಲಾಸ್ಟಿಕ್‌ನಿಂದ. ಪಾಲಿಪ್ರೊಪಿಲೀನ್ ಮುಚ್ಚಳಕ್ಕೆ ಬಳಸುವ ಪ್ಲಾಸ್ಟಿಕ್.

ಕೈಯಲ್ಲೊಂದು ಬಾಟಲಿ ಹಿಡಿದು ನೋಡಿ. ಮುಚ್ಚಳ ತಿರುಗಿಸಿದ ಕೂಡಲೇ ಕೆಳಗಿನ ಉಂಗುರದ ಸಣ್ಣ ಸಣ್ಣ ಎಳೆಗಳು ಪಟಪಟ ಹರಿಯುತ್ತವೆ. ಆಮೇಲೆ ಮುಚ್ಚಳದ ಒಳಗಿನ ಮರೆ ಬಾಟಲಿಯ ಕತ್ತಿನ ಮರೆಗೆ ಉಜ್ಜುತ್ತಾ ಮೇಲೇಳುತ್ತದೆ. ಎರಡು ಪ್ಲಾಸ್ಟಿಕ್ ಒಂದಕ್ಕೊಂದು ತಿಕ್ಕಿದರೆ ಪುಡಿ ಉದುರಲೇಬೇಕು. ಇಟಲಿಯ ಮಿಲಾನಿನ ಸಂಶೋಧಕರು ಒಂದೇ ಬಾಟಲಿಯನ್ನು ಮತ್ತೆ ಮತ್ತೆ ತೆರೆದು ಮುಚ್ಚಿ ನೋಡಿದ್ದರು. ಸಲ ಹೆಚ್ಚಿದಷ್ಟೂ ಕತ್ತು ಮತ್ತು ಮುಚ್ಚಳದ ಮೇಲೆ ಕಣ ಹೆಚ್ಚಿತು. ಖಾಲಿಯಾದ ನೀರಿನ ಬಾಟಲಿಯನ್ನೇ ತಿಂಗಳುಗಟ್ಟಲೆ ತುಂಬಿಸಿ ಬ್ಯಾಗಿನಲ್ಲಿ ಇಟ್ಟುಕೊಳ್ಳುವ ನಮ್ಮ ಅಭ್ಯಾಸ ಇಲ್ಲಿ ನೆನಪಿಗೆ ಬರಬೇಕು. ಒಂದು ಸಲ ಬಳಸಲೆಂದು ಮಾಡಿದ ಮರೆ ಅದು.

ಮೂರನೆಯ ಮೂಲ ಇನ್ನೂ ವಿಚಿತ್ರ. ಕೊಲಂಬಿಯಾದವರಿಗೆ ಪೆಟ್‌ಗಿಂತ ಜಾಸ್ತಿ ಸಿಕ್ಕಿದ್ದು ಪಾಲಿಅಮೈಡ್, ಅಂದರೆ ನೈಲಾನ್ ಜಾತಿಯದು. ಅದು ಬಾಟಲಿಯಲ್ಲೂ ಇಲ್ಲ, ಮುಚ್ಚಳದಲ್ಲೂ ಇಲ್ಲ. ನೀರನ್ನು ಶುದ್ಧ ಮಾಡುವ ಫಿಲ್ಟರ್‌ನಿಂದಲೇ ಬಂದಿರಬಹುದು ಎಂದು ಅವರ ಊಹೆ. ಆರ್‌ಒ ಯಂತ್ರದ ಪೊರೆಯ ಮೇಲ್ಪದರ ಸಾಮಾನ್ಯವಾಗಿ ಪಾಲಿಅಮೈಡ್‌ನದ್ದೇ. ಕೊಳೆ ತೆಗೆಯಲು ಇಟ್ಟದ್ದೇ ತನ್ನ ಪಾಲು ಸೇರಿಸುತ್ತದೆ.

ಹಾಗಾದರೆ ಗಾಜಿನ ಬಾಟಲಿಗೆ ಹೋಗೋಣವೇ? 2025ರಲ್ಲಿ ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ ಆನ್ಸೆಸ್ ಒಂದು ವರದಿ ಕೊಟ್ಟಿತು. ಕೋಲಾ, ನಿಂಬೆ ಪಾನೀಯ, ಐಸ್ ಟೀ, ಬಿಯರ್‌ಗಳ ಗಾಜಿನ ಬಾಟಲಿಯಲ್ಲಿ ಲೀಟರಿಗೆ ಸರಾಸರಿ ಸುಮಾರು 100 ಕಣ. ಪ್ಲಾಸ್ಟಿಕ್ ಬಾಟಲಿ, ಟಿನ್ ಕ್ಯಾನ್‌ಗಳಲ್ಲಿ ಇದ್ದದ್ದಕ್ಕಿಂತ 5ರಿಂದ 50 ಪಟ್ಟು ಜಾಸ್ತಿ! ಪರೀಕ್ಷೆ ಮಾಡಿದವರಿಗೇ ಆಶ್ಚರ್ಯ. ಹುಡುಕಿದಾಗ ಸಿಕ್ಕಿದ್ದು ಲೋಹದ ಮುಚ್ಚಳದ ಹೊರಮೈ ಬಣ್ಣ. ಕಣದ ಬಣ್ಣವೂ ಮುಚ್ಚಳದ ಬಣ್ಣವೂ ಒಂದೇ. ಕಾರ್ಖಾನೆಯಲ್ಲಿ ಮುಚ್ಚಳಗಳನ್ನು ರಾಶಿ ಹಾಕಿ ಇಟ್ಟಾಗ ಒಂದಕ್ಕೊಂದು ತಿಕ್ಕಿ ಬಣ್ಣ ಉದುರುತ್ತದೆ, ಬಾಟಲಿ ಮುಚ್ಚುವಾಗ ಒಳಗೆ ಬೀಳುತ್ತದೆ. ಕಾರ್ಕ್ ಹಾಕಿದ ವೈನ್ ಬಾಟಲಿಗಳಲ್ಲಿ ಕಣ ತೀರಾ ಕಡಿಮೆ ಇತ್ತು. ನೀರಿನ ಬಾಟಲಿಗಳಲ್ಲಂತೂ ವ್ಯತ್ಯಾಸ ಅಷ್ಟಿಲ್ಲ, ಗಾಜಿನಲ್ಲಿ ಲೀಟರಿಗೆ 4.5, ಪ್ಲಾಸ್ಟಿಕ್‌ನಲ್ಲಿ 1.6.

ಇದನ್ನು ಹಿಡಿದು 'ಪ್ಲಾಸ್ಟಿಕ್ಕೇ ಒಳ್ಳೇದು' ಎಂದು ಕುಣಿದವರೂ ಇದ್ದರು. ಸ್ವಲ್ಪ ತಡೆಯಿರಿ. ಆ ಪರೀಕ್ಷೆ ಎಣಿಸಿದ್ದು ದೊಡ್ಡ ಕಣಗಳನ್ನು ಮಾತ್ರ. ಕೊಲಂಬಿಯಾದವರು ನೋಡಿದ ನ್ಯಾನೋ ಗಾತ್ರ ಅದರ ಲೆಕ್ಕದಲ್ಲಿ ಇಲ್ಲ. ನನಗೆ ಆ ವರದಿಯಲ್ಲಿ ಮುಖ್ಯ ಅನ್ನಿಸಿದ್ದು ಬೇರೆ. ಮುಚ್ಚಳಗಳಿಗೆ ಗಾಳಿ ಊದಿ, ನೀರು ಮತ್ತು ಆಲ್ಕೋಹಾಲ್‌ನಿಂದ ತೊಳೆದು ಆಮೇಲೆ ಹಾಕಿದರೆ ಕಣಗಳು ನೂರಕ್ಕೆ 60ರಷ್ಟು ಇಳಿದವು. ಗಿರಾಕಿ ಏನೂ ಮಾಡಬೇಕಿಲ್ಲ. ಕಾರ್ಖಾನೆಯಲ್ಲಿ ಒಂದು ಹಂತ ಸೇರಿಸಿದರೆ ಸಾಕು.

ಬಿಸಿ ಎಂಬ ಗುಣಾಕಾರ

ತಿಕ್ಕಾಟ ಒಂದು ಕಡೆ. ಬಿಸಿ ಇನ್ನೊಂದು ಕಡೆ. ಎರಡರಲ್ಲಿ ಬಿಸಿಯದೇ ದೊಡ್ಡ ಕೈ.

ಡಬ್ಲಿನ್‌ನ ಟ್ರಿನಿಟಿ ಕಾಲೇಜಿನವರು 2020ರಲ್ಲಿ ಮಕ್ಕಳ ಹಾಲಿನ ಬಾಟಲಿಗಳನ್ನು ಪರೀಕ್ಷೆ ಮಾಡಿದರು. ಪಾಲಿಪ್ರೊಪಿಲೀನ್ ಬಾಟಲಿ. 25 ಡಿಗ್ರಿ ನೀರು ಹಾಕಿದಾಗ ಲೀಟರಿಗೆ ಸುಮಾರು 6 ಲಕ್ಷ ಕಣ ಬಿಟ್ಟ ಬಾಟಲಿ, 95 ಡಿಗ್ರಿ ನೀರಿಗೆ 5.5 ಕೋಟಿ ಬಿಟ್ಟಿತು. ಬಾಟಲಿ ಅದೇ, ನೀರು ಅದೇ. ಬಿಸಿ ಮಾತ್ರ ಬೇರೆ. ಹಾಗಾಗಿ ಮಗುವಿಗೆ ಪೌಡರ್ ಹಾಲು ಕಲೆಸುವವರು ಕುದಿಯುವ ನೀರನ್ನು ನೇರ ಪ್ಲಾಸ್ಟಿಕ್ ಬಾಟಲಿಗೆ ಸುರಿದು ಕುಲುಕುವುದನ್ನು ಬಿಡಬೇಕು. ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ ಕಲೆಸಿ, ಉಗುರುಬೆಚ್ಚಗಾದ ಮೇಲೆ ಬಾಟಲಿಗೆ ಹಾಕಿದರೆ ಆಯಿತು. ಬಾಟಲಿ ಕುದಿಸುವುದನ್ನು ಮಾತ್ರ ಬಿಡಬೇಡಿ. ಕ್ರಿಮಿ ಮಗುವಿಗೆ ಇವತ್ತೇ ತೊಂದರೆ ಕೊಡುತ್ತದೆ. ಕುದಿಸಿದ ಮೇಲೆ, ಬೇರೆ ಪಾತ್ರೆಯಲ್ಲಿ ಕುದಿಸಿ ಆರಿಸಿದ ನೀರಿನಲ್ಲಿ ಎರಡು ಮೂರು ಸಲ ಗಲಬರಿಸಿ ಚೆಲ್ಲಿ.

ಮುಂದಿನದು ನಮ್ಮ ಪೇಪರ್ ಕಪ್ಪು. ಹೆಸರು ಪೇಪರ್. ಒಳಗೆ ಬೆರಳಾಡಿಸಿ ನೋಡಿ, ನುಣ್ಣಗಿದೆ ಅಲ್ವಾ? ಅದು ತೆಳ್ಳನೆಯ ಪಾಲಿಎಥಿಲೀನ್ ಪದರ. ಅದಿಲ್ಲದಿದ್ದರೆ ಟೀ ಕುಡಿಯುವ ಮುಂಚೆ ಕಪ್ಪೇ ನೆನೆದು ಕೂರುತ್ತದೆ. ಐಐಟಿ ಖರಗ್‌ಪುರದ ಸಂಶೋಧಕರು ಇಂಥ ಕಪ್ಪುಗಳಿಗೆ 85-90 ಡಿಗ್ರಿ ಬಿಸಿಯ 100 ಮಿಲಿಲೀಟರ್ ನೀರು ಹಾಕಿ 15 ನಿಮಿಷ ಬಿಟ್ಟರು. ಅಷ್ಟರಲ್ಲಿ ಸುಮಾರು 25,000 ಕಣ ನೀರಿಗೆ ಇಳಿದಿತ್ತು. ದಿನಕ್ಕೆ ಮೂರು ಕಪ್ಪು ಕುಡಿದರೆ 75,000. ಬರಿಗಣ್ಣಿಗೆ ಒಂದೂ ಕಾಣುವುದಿಲ್ಲ.

ಅದಕ್ಕಿಂತ ಮೇಲಿನದು ಪಾರ್ಸೆಲ್ ಟೀ. ಕಟ್ಟಡ ಕೆಲಸದ ಜಾಗ, ಗ್ಯಾರೇಜು, ಮಾರ್ಕೆಟ್ಟು, ಸಣ್ಣ ಆಫೀಸು, ಎಲ್ಲ ಕಡೆ ಇದೇ ಪದ್ಧತಿ. ಟೀ ಅಂಗಡಿಯವರು ಕುದಿಯುವ ಟೀಯನ್ನು ಸೋಸಿ, ತೆಳ್ಳನೆಯ ಪ್ಲಾಸ್ಟಿಕ್ ಕವರಿಗೆ ಸುರಿದು, ಬಾಯಿ ತಿರುಚಿ ದಾರವನ್ನೋ ರಬ್ಬರ್ ಬ್ಯಾಂಡನ್ನೋ ಬಿಗಿಯುತ್ತಾರೆ. ಕವರು ಮೆತ್ತಗಾಗಿ ಜೋತು ಬೀಳುತ್ತದೆ. ಜೊತೆಗೆ ಒಂದು ಕಟ್ಟು ಪೇಪರ್ ಕಪ್ಪು. ಹತ್ತು ಹದಿನೈದು ನಿಮಿಷ ಅದರಲ್ಲೇ ಕೂತು ಕುಲುಕಾಡಿದ ಟೀ, ಆಮೇಲೆ ಇನ್ನೊಂದು ಪ್ಲಾಸ್ಟಿಕ್ ಪದರಕ್ಕೆ ಇಳಿಯುತ್ತದೆ. ಬಿಸಿ, ತಿಕ್ಕಾಟ, ಸಮಯ ಮೂರೂ ಒಟ್ಟಿಗೆ ಸೇರುವ ಜಾಗ ಇದು. ಕವರು ಯಾವ ಪ್ಲಾಸ್ಟಿಕ್‌ನದ್ದು, ಆಹಾರಕ್ಕೆ ಯೋಗ್ಯವೋ ಅಲ್ಲವೋ, ಅದನ್ನೂ ಯಾರೂ ಕೇಳುವುದಿಲ್ಲ. ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ ಎಂದು 2025ರ ಫೆಬ್ರುವರಿಯಲ್ಲಿ ನಮ್ಮ ಆರೋಗ್ಯ ಇಲಾಖೆ ಹೋಟೆಲುಗಳಲ್ಲಿ ಹುಡುಕಿತು. ಪರೀಕ್ಷೆ ಮಾಡಿದ ಸುಮಾರು 250 ಕಡೆಗಳಲ್ಲಿ 50ಕ್ಕೂ ಹೆಚ್ಚು ಕಡೆ ಸಿಕ್ಕಿತು, ನಿಷೇಧವೂ ಬಂತು. ಒಳ್ಳೇದೇ ಆಯಿತು. ಅದೇ ಲೆಕ್ಕದಲ್ಲಿ ಟೀ ಕವರಿನ ಸರದಿ ಯಾವಾಗ? ಒಂದು ಸ್ಟೀಲ್ ಫ್ಲಾಸ್ಕ್, ನಾಲ್ಕು ಗಾಜಿನ ಲೋಟದಲ್ಲಿ ಮುಗಿಯುವ ಸಮಸ್ಯೆ ಇದು.

ತಣ್ಣನೆಯ ನೀರಿನ ಪೆಟ್ ಬಾಟಲಿ ಇಷ್ಟು ಕೆಟ್ಟದ್ದಲ್ಲ. ಪೆಟ್ ಗಟ್ಟಿ ಪ್ಲಾಸ್ಟಿಕ್. ಆದರೆ 70 ಡಿಗ್ರಿ ದಾಟಿದರೆ ಮೆತ್ತಗಾಗತೊಡಗುತ್ತದೆ. ಖಾಲಿ ನೀರಿನ ಬಾಟಲಿಗೆ ಕುದಿನೀರು ಹಾಕಿದವರಿಗೆ ಅದು ಮುದುಡಿಕೊಳ್ಳುವುದು ಗೊತ್ತು. ಇನ್ನು ಬಿಸಿಲು. ಒಂದು ದಿನ ಬಿಸಿಲಿಗೆ ಇಟ್ಟ ಬಾಟಲಿ ವಿಷವಾಗುತ್ತದೆ ಎಂಬುದು ಅತಿಯಾಯಿತು. ಶುದ್ಧ ನೀರಿಲ್ಲದ ಎಷ್ಟೋ ದೇಶಗಳಲ್ಲಿ ಪೆಟ್ ಬಾಟಲಿಗೆ ನೀರು ತುಂಬಿ ಆರು ಗಂಟೆ ಬಿಸಿಲಿಗಿಟ್ಟು, ಕ್ರಿಮಿ ಕೊಂದು ಕುಡಿಯುವ ಪದ್ಧತಿಯೇ ಇದೆ. ತಿಂಗಳುಗಟ್ಟಲೆ ಶೀಟಿನ ಗೋಡೌನಿನಲ್ಲಿ ಬೆಂದು, ಅಂಗಡಿ ಮುಂದೆ ರಾಶಿ ಬಿದ್ದಿರುವ ಪೆಟ್ಟಿಗೆಗಳ ಕಥೆ ಬೇರೆ. ಬಿಸಿ ಹೆಚ್ಚಿದಂತೆ, ದಿನ ಕಳೆದಂತೆ, ಪೆಟ್ ಮಾಡುವಾಗ ಬಳಸುವ ಆಂಟಿಮನಿ ಎಂಬ ಲೋಹವೂ ನೀರಿಗೆ ಇಳಿಯುವುದು ಜಾಸ್ತಿಯಾಗುತ್ತದೆ. ತಯಾರಾದ ದಿನಾಂಕ ನೋಡಿ ಕೊಳ್ಳಲು ಇದೊಂದು ಕಾರಣ.

20 ಲೀಟರ್ ಕ್ಯಾನಿಗೆ ಬಂದರೆ, ಅದರಲ್ಲೂ ಜಾತಿ ಇದೆ. ಕೆಲವು ಪೆಟ್‌ನವು. ಗಟ್ಟಿಮುಟ್ಟಾದ ತಿಳಿನೀಲಿ ಕ್ಯಾನುಗಳಲ್ಲಿ ಹಲವು ಪಾಲಿಕಾರ್ಬೊನೇಟ್‌ನವು. ಪಾಲಿಕಾರ್ಬೊನೇಟ್‌ನಿಂದ ಬಿಪಿಎ ಎಂಬ ರಾಸಾಯನಿಕ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಇದು ಹಾರ್ಮೋನಿನ ಕೆಲಸಕ್ಕೆ ಅಡ್ಡ ಬರುವಂಥದ್ದು. ಯುರೋಪು ಒಕ್ಕೂಟ 2024ರ ಕೊನೆಯಲ್ಲಿ ಆಹಾರ ತಾಗುವ ವಸ್ತುಗಳಲ್ಲಿ ಬಿಪಿಎ ನಿಷೇಧಿಸಲು ನಿರ್ಧರಿಸಿತು. ಮಕ್ಕಳ ಹಾಲಿನ ಬಾಟಲಿಗೆ ಅದನ್ನು ಬಳಸಬಾರದು ಎಂಬ ನಿಯಮ ನಮ್ಮಲ್ಲೂ ಇದೆ, ಕ್ಯಾನಿಗೆ ಇಲ್ಲ. ವರ್ಷಗಟ್ಟಲೆ ಟೆಂಪೋದಲ್ಲಿ ಒಂದಕ್ಕೊಂದು ಬಡಿದು, ಮೈಯೆಲ್ಲ ಗೀರಾಗಿ, ಬೆಳ್ಳಗೆ ಮಂಜಾದ ಕ್ಯಾನು ಬಂದರೆ ವಾಪಸ್ ಕಳಿಸಿ, ಬೇರೆ ಕೊಡಿ ಎನ್ನಿ. ಸಂಕೋಚ ಬೇಡ.

ದೇಹದೊಳಗೆ ಏನಾಗುತ್ತದೆ?

ಇಲ್ಲಿ ಸಿಕ್ಕಿದ್ದು ಬೇರೆ, ಸಾಬೀತಾಗಿದ್ದು ಬೇರೆ. ಎರಡನ್ನೂ ಕಲೆಸಿಬಿಡುತ್ತೇವೆ.

ಸಿಕ್ಕಿದ್ದು ಬಹಳ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು 22 ಜನರ ರಕ್ತ ನೋಡಿದರು, 17 ಜನರಲ್ಲಿ ಪ್ಲಾಸ್ಟಿಕ್ ಇತ್ತು. ಹೆಚ್ಚು ಜನರಲ್ಲಿ ಸಿಕ್ಕಿದ್ದು ಪೆಟ್, ಪಾನೀಯದ ಬಾಟಲಿಯದ್ದೇ ಪ್ಲಾಸ್ಟಿಕ್. ಗರ್ಭಿಣಿಯರ ಮಾಸಿನಲ್ಲೂ ಸಿಕ್ಕಿದೆ.

ಇವುಗಳಲ್ಲಿ ಹೆಚ್ಚು ಮಹತ್ವದ ಅಧ್ಯಯನ ಎಂದರೆ 2024ರ ಮಾರ್ಚಿನಲ್ಲಿ ಬಂದ ಇಟಲಿಯದ್ದು. ಕುತ್ತಿಗೆಯ ರಕ್ತನಾಳದಲ್ಲಿ ಕಟ್ಟಿಕೊಂಡ ಕೊಬ್ಬನ್ನು ಆಪರೇಷನ್ ಮಾಡಿ ತೆಗೆಸಿಕೊಂಡ 257 ಜನರನ್ನು ವೈದ್ಯರು ಸುಮಾರು ಮೂರು ವರ್ಷ ಗಮನಿಸಿದರು. 150 ಜನರ ಕೊಬ್ಬಿನಲ್ಲಿ ಪಾಲಿಎಥಿಲೀನ್ ಇತ್ತು. ಪ್ಲಾಸ್ಟಿಕ್ ಇದ್ದವರಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಇಲ್ಲದವರಿಗಿಂತ ನಾಲ್ಕೂವರೆ ಪಟ್ಟು. ಓದಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಪ್ಲಾಸ್ಟಿಕ್ಕೇ ಕಾರಣ ಎಂದು ಆ ವೈದ್ಯರೇ ಹೇಳಿಲ್ಲ. ಪ್ಲಾಸ್ಟಿಕ್ ಜಾಸ್ತಿ ಇದ್ದವರ ಊಟ, ಕೆಲಸ, ಉಸಿರಾಡುವ ಗಾಳಿ ಬೇರೆ ಇದ್ದಿರಬಹುದು. ಆಪರೇಷನ್ ಕೊಠಡಿಯಲ್ಲೂ ಪ್ಲಾಸ್ಟಿಕ್ ಇರುತ್ತದೆ. ಆದರೂ ಅಷ್ಟು ದೊಡ್ಡ ವ್ಯತ್ಯಾಸವನ್ನು ಸುಮ್ನೆ ತಳ್ಳಿಹಾಕಲು ಬರುವುದಿಲ್ಲ.

ಮೆದುಳಿನ ಅಧ್ಯಯನದ ಹಣೆಬರಹ ಬೇರೆ. ಅಮೆರಿಕದ ನ್ಯೂಮೆಕ್ಸಿಕೊ ವಿಶ್ವವಿದ್ಯಾಲಯದವರು 2025ರಲ್ಲಿ, 2016ರಲ್ಲಿ ತೀರಿಕೊಂಡವರಿಗಿಂತ 2024ರಲ್ಲಿ ತೀರಿಕೊಂಡವರ ಮೆದುಳಿನಲ್ಲಿ ಪ್ಲಾಸ್ಟಿಕ್ ಸುಮಾರು ಅರ್ಧ ಪಾಲು ಜಾಸ್ತಿ ಎಂದರು. ಪತ್ರಿಕೆಗಳು 'ತಲೆಯಲ್ಲಿ ಒಂದು ಚಮಚ ಪ್ಲಾಸ್ಟಿಕ್' ಎಂದು ಬರೆದವು. ಬೇರೆ ವಿಜ್ಞಾನಿಗಳು ತಕರಾರು ತೆಗೆದರು. ಮೆದುಳು ಕೊಬ್ಬಿನಿಂದ ತುಂಬಿದ ಅಂಗ. ಅಲ್ಲಿ ಬಳಸಿದ ವಿಧಾನದಲ್ಲಿ ಮಾದರಿಯನ್ನು ಸುಟ್ಟು, ಹೊರಬರುವ ಅನಿಲದಿಂದ ಪ್ಲಾಸ್ಟಿಕ್ಕನ್ನು ಗುರುತಿಸುತ್ತಾರೆ. ಕೊಬ್ಬು ಸುಟ್ಟಾಗಲೂ ಪಾಲಿಎಥಿಲೀನ್ ಸುಟ್ಟಂಥದ್ದೇ ಗುರುತು ಬರಬಹುದು. ಕೊಬ್ಬನ್ನೇ ಪ್ಲಾಸ್ಟಿಕ್ ಎಂದು ಎಣಿಸಿದ್ದಾರಾ ಎಂಬುದು ಪ್ರಶ್ನೆ. ಅದು ತೀರ್ಮಾನವಾಗುವವರೆಗೂ ಆ ಚಮಚವನ್ನು ನಾನಂತೂ ಬದಿಗಿಡುತ್ತೇನೆ.

ಹಾನಿ ಸಾಬೀತಾಗಿಲ್ಲ ಎಂಬುದಕ್ಕೂ ಹಾನಿ ಇಲ್ಲ ಎಂಬುದಕ್ಕೂ ದೂರ ಬಹಳ. ಕಂಪನಿಗಳು ಮೊದಲನೆಯದನ್ನು ಹೇಳಿ ಎರಡನೆಯದನ್ನು ನಂಬಿಸಲು ನೋಡುತ್ತವೆ. ಭಯದ ವಿಡಿಯೊ ಮಾಡುವವರು ಎರಡನ್ನೂ ಬಿಟ್ಟು ನೇರ ಕ್ಯಾನ್ಸರಿಗೆ ಹಾರುತ್ತಾರೆ.

ಹೊಳೆಗೆ ಇಳಿದ ಮೇಲೆ

ಮನುಷ್ಯರ ವಿಷಯದಲ್ಲಿ ಇಷ್ಟು ಅನುಮಾನ ಇದ್ದರೂ ನೀರು, ಮೀನಿನ ವಿಷಯದಲ್ಲಿ ಕಣ್ಣೆದುರಿಗೇ ಸಾಕ್ಷಿ ಇದೆ. ಅದೂ ನಮ್ಮ ಊರುಗಳಲ್ಲೇ.

ಮಣಿಪಾಲದ ಸಂಶೋಧಕರು ನೇತ್ರಾವತಿಯನ್ನು ಘಟ್ಟದಿಂದ ಮಂಗಳೂರಿನ ಅಳಿವೆಯವರೆಗೆ ಪರೀಕ್ಷೆ ಮಾಡಿ 2020ರಲ್ಲಿ ವರದಿ ಕೊಟ್ಟರು. ಪ್ರತಿ ಘನ ಮೀಟರ್ ನೀರಿನಲ್ಲಿ ಸರಾಸರಿ 288 ಚೂರು. ಹೊಳೆಯ ಮಣ್ಣಿನಲ್ಲೂ ಇತ್ತು, ದಡದಲ್ಲೂ ಇತ್ತು.

ಇನ್ನೂ ಹತ್ತಿರದಿಂದ ನೋಡಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಪ್ರೊಫೆಸರ್ ಉಪೇಂದ್ರ ನೊಂಗ್ತೊಂಬ ಅವರ ತಂಡ ಕೆಆರ್‌ಎಸ್ ಬಳಿ ಕಾವೇರಿ ನೀರನ್ನು ಮೂರು ಕಡೆಯಿಂದ ತಂದಿತು: ಜೋರಾಗಿ ಹರಿಯುವಲ್ಲಿಂದ, ನಿಧಾನವಾಗಿ ಹರಿಯುವಲ್ಲಿಂದ, ನಿಂತಲ್ಲಿಂದ. ಆ ನೀರಿನಲ್ಲಿ ಜೀಬ್ರಾ ಮೀನಿನ ಭ್ರೂಣಗಳನ್ನು ಬೆಳೆಸಿದರು. ನಿಧಾನದ ಮತ್ತು ನಿಂತ ನೀರಿನ ಮರಿಗಳಲ್ಲಿ ಮೂಳೆ ಸೊಟ್ಟ, ಹೃದಯಕ್ಕೆ ಪೆಟ್ಟು, ಡಿಎನ್‌ಎ ಹಾನಿ, ಸಾವೂ ಜಾಸ್ತಿ. ಸೂಕ್ಷ್ಮಜೀವಿಗಳನ್ನು ಸೋಸಿ ತೆಗೆದ ಮೇಲೂ ಹಾಗೇ ಆಯಿತು. ಹಾಗಾದರೆ ನೀರಿನಲ್ಲಿ ಇನ್ನೇನಿದೆ ಎಂದು ನೋಡಿದಾಗ ಮೈಕ್ರೋಪ್ಲಾಸ್ಟಿಕ್ ಜೊತೆಗೆ ಕೃಷಿ, ಔಷಧ ಉದ್ಯಮದಲ್ಲಿ ಬಳಸುವ ಜಾತಿಯ ಒಂದು ವಿಷ ರಾಸಾಯನಿಕದ ಗುರುತು ಸಿಕ್ಕಿತು. ಇದನ್ನು ನೇರವಾಗಿ ಮನುಷ್ಯರಿಗೆ ಹೊಂದಿಸಬೇಡಿ ಎಂದು ಅವರೇ ಎಚ್ಚರಿಸಿದ್ದಾರೆ. ಆದರೆ ಮಂಡ್ಯ, ಮೈಸೂರು, ಬೆಂಗಳೂರಿನ ನಲ್ಲಿಗೆ ಬರುವುದೂ ಇದೇ ಹೊಳೆಯ ನೀರು.

ಯಾವುದಾದರೂ ಕೆರೆಯ ದಡದಲ್ಲಿ ನಡೆದರೆ ಮುಚ್ಚಳಗಳ ಸಾಲು ಕಾಣುತ್ತದೆ. ನೀಲಿ, ಬಿಳಿ, ಹಸಿರು. ಅವುಗಳ ಬಾಟಲಿ ಎಲ್ಲಿ? ಪೆಟ್ ನೀರಿಗಿಂತ ಭಾರ. ಮುಚ್ಚಳ ಹೋಗಿ ನೀರು ತುಂಬಿದ ಬಾಟಲಿ ತಳ ಸೇರುತ್ತದೆ. ಮುಚ್ಚಳದ ಪ್ಲಾಸ್ಟಿಕ್ ಹಗುರ, ತೇಲಿ ದಡಕ್ಕೆ ಬರುತ್ತದೆ. ದಡದಲ್ಲಿ ಬಿದ್ದದ್ದು ಬಿಸಿಲಿಗೆ ಪೆಡಸಾಗಿ, ಕಾಲಿಗೆ ಸಿಕ್ಕರೆ ಪುಡಿಯಾಗುತ್ತದೆ. ಹಾಲಿನ ಪಾಕೆಟ್ಟಿನ ಮೂಲೆಯೂ ಹೀಗೇ. ಬೆಳಗಿನ ಕಾಫಿಗೆ ಮುಂಚೆ ಕತ್ತರಿಯಿಂದ ಕಚ್ ಎಂದು ಕತ್ತರಿಸಿ ಬಿಸಾಡುವ ಆ ತ್ರಿಕೋನ ಯಾವ ಕಸದಾಯುವವರ ಕೈಗೂ ಸಿಗದು. ಪಾಕೆಟ್ಟಿನಿಂದ ಬೇರೆಯಾಗದ ಹಾಗೆ ಅರ್ಧ ಕತ್ತರಿಸಿದರೆ ಎರಡೂ ಒಟ್ಟಿಗೆ ಗುಜರಿಗೆ ಹೋಗುತ್ತವೆ.

ಹಾಗಂತ ನಲ್ಲಿ ನೀರು ಕುಡಿಯಿರಿ ಎನ್ನಲಾದೀತೇ?

ಅಮೆರಿಕದ ಲೇಖನಗಳೆಲ್ಲ ಕೊನೆಯಲ್ಲಿ ಒಂದೇ ಮಾತು ಹೇಳುತ್ತವೆ: ಬಾಟಲಿ ಬಿಡಿ, ನಲ್ಲಿ ನೀರು ಕುಡಿಯಿರಿ. ನಮ್ಮಲ್ಲಿ ಅದನ್ನು ಹಾಗೇ ಎತ್ತಿ ಹೇಳಿದರೆ ಬೇಜವಾಬ್ದಾರಿಯಾಗುತ್ತದೆ. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಿದ್ದಾರೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಹಲ್ಲು ಕಂದು ಬಣ್ಣಕ್ಕೆ ತಿರುಗಿದ ಮಕ್ಕಳು, ಬೆನ್ನು ಬಗ್ಗಿದ ಹಿರಿಯರು ಅಲ್ಲಿ ಹೊಸಬರಲ್ಲ. ಐದು ರೂಪಾಯಿ ನಾಣ್ಯ ಹಾಕಿ 20 ಲೀಟರ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕ ಅವರಿಗೆ ದೊಡ್ಡ ಆಸರೆ. ಆ ಯಂತ್ರದ ಪೊರೆಯಿಂದ ನಾಲ್ಕು ನೈಲಾನ್ ಕಣ ಬಂದರೂ ಅದನ್ನು ಬಿಡಿ ಎನ್ನುವುದು ತಪ್ಪು. ಮೊದಲು ಕ್ರಿಮಿ, ಆಮೇಲೆ ಫ್ಲೋರೈಡ್, ಅದಾದ ಮೇಲೆ ಪ್ಲಾಸ್ಟಿಕ್ ಕಣ. ನನ್ನ ಸಾಲು ಇದು.

ಈ ಸಾಲನ್ನು ಸರ್ಕಾರವೋ ನ್ಯಾಯಾಲಯವೋ ಹೇಳಿದಾಗ ಮಾತ್ರ ಸ್ವಲ್ಪ ಕಸಿವಿಸಿಯಾಗುತ್ತದೆ. ಬಾಟಲಿ ನೀರಿಗೆ ಇನ್ನೂ ಬಿಗಿ ಮಾನದಂಡ ಬೇಕು ಎಂಬ ಅರ್ಜಿಯನ್ನು 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಜನರಿಗೆ ಕುಡಿಯುವ ನೀರೇ ಇಲ್ಲದಿರುವಾಗ ಇದು ಶ್ರೀಮಂತರ ದಾವೆ ಎಂಬ ಧಾಟಿಯ ಮಾತು ಬಂತು. ಆದರೆ ಕ್ಯಾನು ನೀರು ಕುಡಿಯುವವರಲ್ಲಿ ಶ್ರೀಮಂತರು ಎಷ್ಟು ಜನ? ಬೆಂಗಳೂರಿನ ಪಿಜಿ ಹುಡುಗರು, ನೀರಿನ ಸಂಪರ್ಕವೇ ಇಲ್ಲದ ಬಡಾವಣೆಗಳ ಬಾಡಿಗೆ ಮನೆಯವರು, ತಳ್ಳುಗಾಡಿಯವರು ಎಲ್ಲರೂ ಅದನ್ನೇ ಕುಡಿಯುತ್ತಾರೆ.

ಗಡಸು ನೀರಿನ ಊರುಗಳವರಿಗೆ ಒಂದು ಸಣ್ಣ ಲಾಭ ಇದೆ. ಚೀನಾದ ಗುವಾಂಗ್‌ಝೌ ಸಂಶೋಧಕರು 2024ರಲ್ಲಿ ನೀರನ್ನು ಐದು ನಿಮಿಷ ಕುದಿಸಿ ನೋಡಿದರು. ಗಡಸು ನೀರಿನಲ್ಲಿ ನೂರಕ್ಕೆ 90ರವರೆಗೂ ಪ್ಲಾಸ್ಟಿಕ್ ಕಣ ಕಡಿಮೆಯಾಯಿತು, ಮೆದು ನೀರಿನಲ್ಲಿ 25ರಷ್ಟು. ಕುದಿದಾಗ ನೀರಿನ ಸುಣ್ಣ ಗಟ್ಟಿಯಾಗುತ್ತದೆ. ಕಣ ಅದರೊಳಗೆ ಸಿಕ್ಕಿಕೊಂಡು ತಳಕ್ಕೆ ಕೂರುತ್ತದೆ. ಪಾತ್ರೆಯ ತಳದ ಆ ಬಿಳಿ ಪುಡಿಯನ್ನು ಕದಡದೆ ಮೇಲಿನ ನೀರನ್ನು ಬಗ್ಗಿಸಿ ಬಟ್ಟೆಯಲ್ಲಿ ಸೋಸಿದರೆ ಆಯಿತು. ಆದರೆ ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಫ್ಲೋರೈಡ್ ಊರಿನವರು ಘಟಕದ ನೀರನ್ನು ಬಿಟ್ಟು ಈ ದಾರಿ ಹಿಡಿಯಬಾರದು.

ಡೆಪಾಸಿಟ್ಟು

ನಿಯಮಗಳ ಕಡೆ ನೋಡಿದರೆ ಕೆಲಸ ಶುರುವಾಗಿದೆ, ಮುಗಿದಿಲ್ಲ. ಬಾಟಲಿ ನೀರಿಗೆ ಇರುವ ಭಾರತೀಯ ಮಾನದಂಡದಲ್ಲಿ ಪ್ಲಾಸ್ಟಿಕ್ ಕಣಕ್ಕೆ ಮಿತಿಯೇ ಇಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2024ರಲ್ಲಿ ಲಖನೌ, ಕೊಚ್ಚಿ ಮತ್ತು ಪಿಲಾನಿಯ ಸಂಸ್ಥೆಗಳ ಜೊತೆ ಆಹಾರದಲ್ಲಿನ ಮೈಕ್ರೋ, ನ್ಯಾನೋಪ್ಲಾಸ್ಟಿಕ್ ಅಳೆಯುವ ಯೋಜನೆ ಕೈಗೆತ್ತಿಕೊಂಡಿತು. ಅದೇ ವರ್ಷ ನವೆಂಬರ್‌ನಲ್ಲಿ ಬಾಟಲಿ ನೀರನ್ನು ಹೆಚ್ಚು ಅಪಾಯದ ಆಹಾರಗಳ ಪಟ್ಟಿಗೆ ಸೇರಿಸಿತು, ಅಂದರೆ ಘಟಕಗಳಿಗೆ ವರ್ಷವರ್ಷ ತಪಾಸಣೆ. ಹೇಗೆ ಅಳೆಯಬೇಕು, ಯಾವ ಗಾತ್ರದವರೆಗೆ ಎಣಿಸಬೇಕು ಎಂದು ತೀರ್ಮಾನವಾಗದೆ ಮಿತಿ ಹಾಕಲು ಬರುವುದಿಲ್ಲ ಎಂಬುದು ನಿಜ. ಹಾಗಂತ ಮುಚ್ಚಳ ತೊಳೆಯಿರಿ, ಬಿಸಿಲಲ್ಲಿ ರಾಶಿ ಹಾಕಬೇಡಿ, ಕ್ಯಾನಿಗೆ ಇಷ್ಟು ವರ್ಷ ಎಂದು ಆಯಸ್ಸು ನಿಗದಿ ಮಾಡಿ ಎನ್ನಲು ಯಾವ ಸಂಶೋಧನೆಗೂ ಕಾಯಬೇಕಿಲ್ಲ.

ಪ್ಲಾಸ್ಟಿಕ್ ಕಡಿಮೆ ಮಾಡುವ ಜಾಗತಿಕ ಒಪ್ಪಂದದ ಮಾತುಕತೆ 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಮುರಿದುಬಿತ್ತು. ಅಲ್ಲಿಂದ ಸದ್ಯಕ್ಕೆ ಏನೂ ಬರುವಂತಿಲ್ಲ. ಹತ್ತಿರದಲ್ಲಿ ಆದದ್ದು ನೋಡಿ. ಸಿಕ್ಕಿಂ 2022ರಿಂದ ಬಾಟಲಿ ನೀರನ್ನು ನಿಲ್ಲಿಸಿದೆ. ಬಂಡೀಪುರ ದಾಟಿ ಊಟಿಗೆ ಹೋಗುವ ನಮ್ಮವರ ಕಾರುಗಳನ್ನು ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿ ನೀರಿನ ಬಾಟಲಿ ಇಳಿಸುತ್ತಾರೆ. ಒಳಗೆ ಹೋದ ಮೇಲೆ ರಸ್ತೆ ಬದಿಯಲ್ಲಿ ನೀರಿನ ಎಟಿಎಂ ಇವೆ. ನಮ್ಮಲ್ಲೂ ಸರ್ಕಾರಿ ಕಚೇರಿ, ಸಭೆಗಳಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ಬೇಡ ಎಂದು 2025ರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಸೂಚನೆ ಕೊಟ್ಟರು.

ನಿಷೇಧಕ್ಕಿಂತ ನನಗೆ ಭರವಸೆ ಇರುವುದು ಡೆಪಾಸಿಟ್ಟಿನ ಮೇಲೆ. ಕೆರೆಯಲ್ಲೋ ಚರಂಡಿಯಲ್ಲೋ 20 ಲೀಟರ್ ಕ್ಯಾನು ತೇಲುವುದನ್ನು ಯಾರಾದರೂ ನೋಡಿದ್ದೀರಾ? ಕಾಣುವುದು ಬಹಳ ಅಪರೂಪ. ಅದಕ್ಕೆ ಡೆಪಾಸಿಟ್ ಕಟ್ಟಿರುತ್ತೇವೆ. ಖಾಲಿ ಕ್ಯಾನು ಕೊಟ್ಟರೇ ತುಂಬಿದ್ದು ಬರುವುದು. ಗೋಲಿಸೋಡಾ ಬಾಟಲಿಯೂ ಅಂಗಡಿಗೆ ವಾಪಸ್ ಹೋಗುತ್ತಿದ್ದದ್ದು ಹೀಗೇ. ಅರ್ಧ ಲೀಟರ್ ಬಾಟಲಿಗೆ ಮಾತ್ರ ವಾಪಸ್ ಬರುವ ದಾರಿ ಇಲ್ಲ. ಜರ್ಮನಿ 2003ರಿಂದ ಇಂಥ ಪ್ಲಾಸ್ಟಿಕ್ ಬಾಟಲಿಗಳಿಗೆ 25 ಸೆಂಟ್ ಡೆಪಾಸಿಟ್ ಇಟ್ಟಿದೆ. ಅಲ್ಲಿ ಓದುವ ಕನ್ನಡದ ಹುಡುಗರನ್ನು ಕೇಳಿ, ತಿಂಗಳ ಕೊನೆಗೆ ಖಾಲಿ ಬಾಟಲಿ ಮೂಟೆ ಹೊತ್ತು ಸೂಪರ್ ಮಾರ್ಕೆಟ್ಟಿನ ಯಂತ್ರದ ಮುಂದೆ ನಿಂತ ಕಥೆ ಹೇಳುತ್ತಾರೆ. ಪಕ್ಕದ ತಮಿಳುನಾಡು 2022ರಲ್ಲಿ ನೀಲಗಿರಿಯಿಂದ ಶುರುಮಾಡಿ ಮದ್ಯದ ಖಾಲಿ ಬಾಟಲಿಗೆ 10 ರೂಪಾಯಿ ವಾಪಸ್ ಕೊಡುತ್ತಿದೆ. ಗೋವಾ 2024ರಲ್ಲಿ ಪ್ಲಾಸ್ಟಿಕ್ ಪ್ಯಾಕಿಂಗ್‌ಗೂ ಸೇರಿ ಡೆಪಾಸಿಟ್ ಯೋಜನೆಯ ಅಧಿಸೂಚನೆ ಹೊರಡಿಸಿತು.

ಕರ್ನಾಟಕ ಇದನ್ನು ಪ್ರಯೋಗ ಮಾಡುವುದಾದರೆ ಜಾಗ ಹುಡುಕಬೇಕಿಲ್ಲ. ಧರ್ಮಸ್ಥಳ, ಮಲೆ ಮಹದೇಶ್ವರ ಬೆಟ್ಟ, ನಂದಿ ಬೆಟ್ಟ, ಹಂಪಿ. ಒಳಗೆ ಬರುವ ದಾರಿ ಕೆಲವೇ, ಅಂಗಡಿಗಳು ಲೆಕ್ಕಕ್ಕೆ ಸಿಗುವಷ್ಟು, ಬರುವವರ ಕೈಯಲ್ಲೆಲ್ಲ ಬಾಟಲಿ. ಬಾಟಲಿಗೆ ಹತ್ತು ರೂಪಾಯಿ ಸೇರಿಸಿ ಮಾರಲಿ, ಮುಚ್ಚಳ ಸಮೇತ ತಂದುಕೊಟ್ಟವರಿಗೆ ಆ ಹತ್ತು ರೂಪಾಯಿ ವಾಪಸ್ ಕೊಡಲಿ.